ಹನ್ನೆರಡು ಇಂಚಿನ ಟೈರ್ ಹುಡುಕಾಟ

ಬೆಂಗಳೂರಿನ ಯಾವುದಾದರೂ ಟೈರ್ ಅಂಗಡಿಗೆ ಹೋಗಿ ‘ಮಾರುತಿ 800ಗೆ ನಾಲ್ಕು ಟೈರ್ ಬೇಕು’ ಅಂತ ಕೇಳಿ ನೋಡಿ. ಕೌಂಟರ್‌ನಲ್ಲಿರುವವರು ಮೊದಲು ನಿಮ್ಮ ಮುಖ ನೋಡ್ತಾರೆ, ಆಮೇಲೆ ನಗ್ತಾರೆ, ಆಮೇಲೆ ‘ಯಾಕೆ ಸಾರ್, ಹೊಸ ಗಾಡಿ ತಗೊಳ್ಳಿ’ ಅನ್ನೋ ಸಲಹೆ ಬಿಟ್ಟಿಯಾಗಿ ಕೊಡ್ತಾರೆ. ನಾನು ಹೆಂಗಸು ಅನ್ನೋದು ಗೊತ್ತಾದ ಮೇಲೂ ಒಬ್ಬರು ‘ಸಾರ್‌ನ ಕರ್ಕೊಂಡು ಬನ್ನಿ ಮೇಡಂ’ ಅಂದರು. ಆ ಅಂಗಡಿಯಿಂದ ಟೈರ್ ತಗೊಳ್ಳಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀ ಅದರ ಒಡೆಯರ ಕೈಗೆ ಬಂತು. 2014ರ ಜನವರಿಯಲ್ಲಿ ಕೊನೆಯದು ತಯಾರಾಯಿತು. ಸರ್ಕಾರದ ಲೆಕ್ಕದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಲು ಐವತ್ತು ವರ್ಷ ಆಗಬೇಕಂತೆ, ಹಾಗಾಗಿ ನಮ್ಮನೆ ಕಾರು ಕಾಗದದ ಮೇಲೆ ಬರೀ ‘ಹಳೇ ಗಾಡಿ’. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಂತು ನೋಂದಣಿ ನವೀಕರಿಸಿಕೊಳ್ಳುತ್ತಾ ಬಂದಿರುವ ಗಾಡಿ. ಈಗ ಅದು ಇರುವುದು ಪುತ್ತೂರಿನಲ್ಲಿ. ಅಪ್ಪನ ಕಣ್ಣಿನ ಆಪರೇಷನ್ ಆದ ಮೇಲೆ ಅವರು ಸ್ಟೇರಿಂಗ್ ಬಿಟ್ಟಿದ್ದಾರೆ, ಅಮ್ಮನೇ ಡ್ರೈವರ್. ತಿಂಗಳಿಗೊಮ್ಮೆ ಅಪ್ಪನನ್ನು ಚೆಕಪ್‌ಗೆ ಮಂಗಳೂರಿಗೆ ಕರೆದುಕೊಂಡು ಹೋಗುವುದು, ಮಾಣಿ ದಾಟಿ ಬಿ.ಸಿ. ರೋಡ್ ಮೇಲೆ ಐವತ್ತು ಚಿಲ್ಲರೆ ಕಿಲೋಮೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ರಸ್ತೆಯಲ್ಲಿ ಎದುರಿನ ಲಾರಿ ಎರಚುವ ನೀರು ಗಾಜಿನ ಮೇಲೆ ಬಿದ್ದರೆ ಎರಡು ಸೆಕೆಂಡ್ ಏನೂ ಕಾಣುವುದಿಲ್ಲ. ಆ ಎರಡು ಸೆಕೆಂಡಿನಲ್ಲಿ ಕಾರು ಹೇಳಿದ ಮಾತು ಕೇಳಬೇಕು ಅನ್ನುವುದಷ್ಟೇ ನನ್ನ ಬೇಡಿಕೆ.

ಅಪ್ಪನ ವಾದ ಬೇರೆ. ‘ಗ್ರಿಪ್ ಎಲ್ಲ ಸರಿ ಉಂಟಲ್ಲ ಮಗಾ, ಎಂತಕ್ಕೆ ಸುಮ್ಮನೆ ದುಡ್ಡು ದಂಡ?’ ನೋಡಲು ಸರಿಯೇ ಇತ್ತು. ಗಾಡಿ ಓಡಿದ್ದೇ ಕಡಿಮೆ, ಟೈರಿನ ಗೆರೆಗಳು ಬೆರಳು ತೂರುವಷ್ಟು ಆಳ. ಆದರೆ ಟೈರಿನ ಪಕ್ಕದ ಗೋಡೆಯಲ್ಲಿ ಡಿಓಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದಲ್ಲ, ಅದರಲ್ಲಿ 3114 ಅಂತ ಇತ್ತು. ಮೊದಲೆರಡು ಅಂಕಿ ವಾರ, ಮುಂದಿನ ಎರಡು ವರ್ಷ. ಅಂದರೆ 2014ರ 31ನೇ ವಾರ. ಹತ್ತು ವರ್ಷದ ಮೇಲಿನ ರಬ್ಬರು. ಉಗುರು ಒತ್ತಿ ನೋಡಿದೆ, ಗುರುತೇ ಬೀಳಲಿಲ್ಲ, ಕಲ್ಲಿಗೆ ಒತ್ತಿದ ಹಾಗೆ. ಗೋಡೆಯಲ್ಲಿ ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕು.

ನಮ್ಮಲ್ಲಿ ಬಹಳ ಜನ ಟೈರನ್ನು ಚಪ್ಪಲಿಯ ಹಾಗೆ ನೋಡುತ್ತಾರೆ, ಸವೆದರೆ ಬದಲಿಸುವುದು. ಕಡಿಮೆ ಓಡುವ ಹಳೆಯ ಕಾರಿನಲ್ಲಿ ಟೈರು ಸವೆದು ಸಾಯುವುದಿಲ್ಲ, ಮುದಿಯಾಗಿ ಸಾಯುತ್ತದೆ. ಬಿಸಿಲು, ಗಾಳಿ, ಒಂದೇ ಕಡೆ ನಿಂತೇ ಇರುವುದು, ಇವೆಲ್ಲ ಸೇರಿ ರಬ್ಬರಿನ ಮೆದುತನ ಹೋಗುತ್ತದೆ. ಗ್ರಿಪ್ ಇರುವುದು ಆ ಮೆದುತನದಲ್ಲೇ. ರಸ್ತೆಯ ಜಲ್ಲಿಯ ಸಣ್ಣ ಸಣ್ಣ ಉಬ್ಬುತಗ್ಗಿನೊಳಗೆ ರಬ್ಬರು ಇಳಿದು ಕಚ್ಚಿಕೊಂಡರೆ ಮಾತ್ರ ಬ್ರೇಕ್ ಕೆಲಸ ಮಾಡುತ್ತದೆ. ಗೆರೆಗಳ ಕೆಲಸ ನೀರನ್ನು ಆಚೆ ತಳ್ಳುವುದು. ಎರಡೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಮಳೆಯಲ್ಲಿ ಪ್ರಯೋಜನವಿಲ್ಲ. (ಗೆರೆಗಳ ನಡುವೆ ಅಡ್ಡಡ್ಡಲಾಗಿ ಸಣ್ಣ ದಿಮ್ಮಿಯಂಥ ಉಬ್ಬು ಇರುತ್ತದೆ, ಅದರ ಎತ್ತರ 1.6 ಮಿಲಿಮೀಟರ್. ಸವೆತ ಅದರ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರವೂ ಟೈರಿನ ಕಥೆ ಮುಗಿಯಿತು. ನನ್ನನ್ನು ಕೇಳಿದರೆ ಕರಾವಳಿ, ಮಲೆನಾಡಿನವರು ಅಲ್ಲಿವರೆಗೆ ಕಾಯಲೇಬಾರದು.)

ಮಾರುತಿ 800ಗೆ ಎಬಿಎಸ್ ಇಲ್ಲ. ಗಾಬರಿಯಲ್ಲಿ ಪೆಡಲ್ ಒತ್ತಿ ಹಿಡಿದರೆ ಚಕ್ರ ಲಾಕ್ ಆಗುತ್ತದೆ, ಸ್ಟೇರಿಂಗ್ ಎತ್ತ ತಿರುಗಿಸಿದರೂ ಕಾರು ನೇರ ಜಾರುತ್ತದೆ. ಇವತ್ತಿನ ಕಾರುಗಳಲ್ಲಿ ಕಂಪ್ಯೂಟರ್ ಮಾಡುವ ಕೆಲಸವನ್ನು ಇದರಲ್ಲಿ ಟೈರು ಮತ್ತು ಓಡಿಸುವವರ ಕಾಲು ಸೇರಿ ಮಾಡಬೇಕು. ಗ್ರಿಪ್ ಅರ್ಧವಾದರೆ ನಿಲ್ಲಲು ಬೇಕಾದ ದೂರ ಎರಡು ಪಟ್ಟು. ಹಾಗಾಗಿ ಹೊಸ ಕಾರಿಗಿಂತ ಹಳೆಯ ಕಾರಿಗೇ ಒಳ್ಳೆಯ ಟೈರ್ ಹೆಚ್ಚು ಬೇಕು. ನಾವು ಮಾಡುವುದು ತಿರುಗುಮುರುಗು, ‘ಹಳೇ ಗಾಡಿ ತಾನೆ, ಯಾವುದೋ ಒಂದು ಹಾಕು.’

ಈಗ ಅಳತೆಯ ವಿಷಯ. ನಮ್ಮ ಕಾರಿನದು 145/70 ಆರ್12. ಮೊದಲನೆಯದು ಅಗಲ, ಮಿಲಿಮೀಟರ್‌ನಲ್ಲಿ. 70 ಅಂದರೆ ಟೈರಿನ ಗೋಡೆಯ ಎತ್ತರ ಅಗಲದ ಶೇಕಡಾ 70. ಕೊನೆಯದು ರಿಮ್ಮಿನ ಇಂಚು. ತಮಾಷೆ ಅಂದರೆ ಇಂಗ್ಲೆಂಡಿನ ಹಳೆಯ ಮಿನಿ ಕಾರು 1984ರಲ್ಲಿ ಹತ್ತು ಇಂಚಿನ ಚಕ್ರ ಬಿಟ್ಟು ಹನ್ನೆರಡಕ್ಕೆ ಬಂದಾಗ ಹಾಕಿಕೊಂಡದ್ದೂ ಇದೇ ಅಳತೆ. ಅಲ್ಲಿ ಮಿನಿಯನ್ನು ರೇಸಿಗೆ ಇಳಿಸುವ ಹುಚ್ಚರಿದ್ದಾರೆ, ಅವರಿಗಾಗಿ ಅಂಟಿನಂಥ ಮೆದು ಟೈರ್‌ಗಳೂ ಸಿಗುತ್ತವೆ. ತರಿಸೋಣ ಅಂತ ಒಂದು ರಾತ್ರಿ ಫೋನಿನಲ್ಲಿ ಹುಡುಕಿದೆ. ಸಾಗಣೆ, ಸುಂಕ ಎಲ್ಲ ಲೆಕ್ಕ ಹಾಕಿ ಮಲಗಿದೆ. ಅಷ್ಟು ಮೆದು ರಬ್ಬರು ನಮ್ಮ ಡಾಂಬರಿನಲ್ಲಿ ಎಷ್ಟು ದಿನ ಬಾಳುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಜೆ.ಸಿ. ರೋಡಿನಲ್ಲಿ ಮೂರು ಅಂಗಡಿ ಸುತ್ತಿದಾಗ ಮೂರು ಸಲಹೆ ಸಿಕ್ಕಿತು.

ಒಬ್ಬರು ಹೇಳಿದ್ದು ಆಲ್ಟೊದ 145/80 ಆರ್12 ಹಾಕಿ ಅಂತ. ಎಲ್ಲ ಕಡೆ ಸಿಗುತ್ತದೆ, ಹಂಪ್‌ಗೆ ತಳ ತಾಗುವುದಿಲ್ಲ. ನಿಜವೇ. ಆದರೆ ಲೆಕ್ಕ ಮಾಡಿ: 70ರ ಟೈರಿನ ಒಟ್ಟು ಎತ್ತರ ಸುಮಾರು 508 ಮಿ.ಮೀ., 80ರದು 537. ಇಪ್ಪತ್ತೊಂಬತ್ತು ಮಿಲಿಮೀಟರ್ ಜಾಸ್ತಿ. ಕಾರು ಏರುವುದು ಅದರ ಅರ್ಧ. ಸ್ಪೀಡೋಮೀಟರ್ 60 ತೋರಿಸುವಾಗ ಕಾರು 63ರ ಮೇಲೆ ಓಡುತ್ತಿರುತ್ತದೆ. 796 ಸಿಸಿಯ ಪಾಪದ ಎಂಜಿನ್‌ಗೆ ಏರಿನಲ್ಲಿ ಗೇರ್ ಇನ್ನಷ್ಟು ಭಾರ. ನಾಲ್ಕು ಜನ ಕೂತು ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುತ್ತದೆಯೇ ಎಂದು ಬೇರೆ ನೋಡಬೇಕು.

ಇನ್ನೊಬ್ಬರದು ಹದಿಮೂರು ಇಂಚಿನ ಅಲಾಯ್ ಚಕ್ರ, 155/65 ಟೈರ್. ‘ಲುಕ್ಕೇ ಬೇರೆ ಮೇಡಂ!’ ಲುಕ್ಕು ಬೇರೆ, ಬಿಲ್ಲೂ ಬೇರೆ. ಇದರಲ್ಲೂ ಎತ್ತರ ಶೇಕಡಾ ಐದರ ಹತ್ತಿರ ಹೆಚ್ಚುತ್ತದೆ. ನಮ್ಮ ಗಾಡಿಗೆ ಪವರ್ ಸ್ಟೇರಿಂಗ್ ಇಲ್ಲ, ಪುತ್ತೂರು ಪೇಟೆಯಲ್ಲಿ ಕಾರು ತಿರುಗಿಸಿ ನಿಲ್ಲಿಸುವ ಅರವತ್ತೆರಡು ವರ್ಷದ ಅಮ್ಮನ ಭುಜಕ್ಕೆ ಅಗಲ ಟೈರ್ ಅಂದರೆ ಏನು ಅಂತ ಈ ಸಲಹೆಗಾರರಿಗೆ ಗೊತ್ತಿಲ್ಲ.

ಅಗಲ ಜಾಸ್ತಿ ಇದ್ದರೆ ಗ್ರಿಪ್ ಜಾಸ್ತಿ ಅನ್ನುವುದು ಒಣ ರಸ್ತೆಯ ಮಾತು. ನೀರು ನಿಂತ ರಸ್ತೆಯಲ್ಲಿ ಹಗುರ ಕಾರಿನ ಅಗಲ ಟೈರು ನೀರನ್ನು ಸೀಳುವ ಬದಲು ಅದರ ಮೇಲೆ ತೇಲಲು ನೋಡುತ್ತದೆ. ಮಾರುತಿ 800ರ ತೂಕ ಆರುನೂರೈವತ್ತು ಕಿಲೋ ಆಸುಪಾಸು. ಇಬ್ಬರು, ಮೂವರು ಕೂತಾಗ ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಮ್ಮಿ ಒಂದು ಅಂಚೆ ಕಾರ್ಡಿನಷ್ಟು. ನಾಲ್ಕು ಅಂಚೆ ಕಾರ್ಡಿನ ಮೇಲೆ ಅಪ್ಪ ಅಮ್ಮ ಮಂಗಳೂರಿಗೆ ಹೋಗಿ ಬರುತ್ತಾರೆ. ಕಾರ್ಡನ್ನು ಸ್ವಲ್ಪ ಅಗಲ ಮಾಡುವುದಕ್ಕಿಂತ ಅದು ಹೊಸ ರಬ್ಬರಿನದಾಗಿರುವುದು ಮುಖ್ಯ.

ಮೂರನೆಯ ಅಂಗಡಿಯ ಹಿರಿಯರು ಜಾಸ್ತಿ ಮಾತಾಡಲಿಲ್ಲ. ‘ಕಂಪನಿ ಕೊಟ್ಟ ಸೈಜೇ ಹಾಕಮ್ಮ. ಎರಡು ದಿನ ಟೈಮ್ ಕೊಡು, ಹೊಸ ಸ್ಟಾಕ್ ತರಿಸ್ತೀನಿ’ ಅಂದರು. ಇದೇ ಸರಿ ಅನ್ನಿಸಿತು. ಓಡದ ಅಳತೆಯ ಟೈರಿಗೆ ಇರುವ ದೊಡ್ಡ ತೊಂದರೆಯೇ ಇದು. ಗೋಡೌನಿನಲ್ಲಿ ಎರಡು ಮೂರು ವರ್ಷ ಕೂತದ್ದನ್ನು ‘ಹೊಸದು’ ಅಂತ ಕೊಟ್ಟುಬಿಡುತ್ತಾರೆ. ಬಿಲ್ ಮಾಡುವ ಮೊದಲು ನಾಲ್ಕೂ ಟೈರಿನ ಆ ನಾಲ್ಕು ಅಂಕಿ ಓದಿ, ಟಾರ್ಚ್ ಹಾಕಿಯಾದರೂ ಸರಿ. ನನಗೆ ಸಿಕ್ಕಿದ್ದು ಐದು ತಿಂಗಳಿನ ಮಾಲು. ಒಂದಕ್ಕೆ ಎರಡೂವರೆ ಸಾವಿರದ ಸುತ್ತಮುತ್ತ. ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ. ಇಷ್ಟು ಸಣ್ಣ ಅಳತೆಯಲ್ಲಿ ನಮ್ಮ ದೇಶದ ಹೆಸರಾಂತ ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ, ಹೊಸ ಮಾಲು ಮತ್ತು ಹಳೆಯ ಮಾಲಿನ ನಡುವಿನ ವ್ಯತ್ಯಾಸ ದೊಡ್ಡದು. ‘ಎಂಬತ್ತು ಸಾವಿರ ಕಿಲೋಮೀಟರ್ ಬಾಳ್ತದೆ’ ಅನ್ನುವ ಟೈರನ್ನು ಮಾತ್ರ ಬೇಡ ಅಂದೆ. ಬಹಳ ಬಾಳುವ ರಬ್ಬರು ಸಾಮಾನ್ಯವಾಗಿ ಗಟ್ಟಿ ರಬ್ಬರು, ಟ್ಯಾಕ್ಸಿಗೆ ಸರಿ. ವರ್ಷಕ್ಕೆ ನಾಲ್ಕೈದು ಸಾವಿರ ಓಡುವ ಕಾರಿಗೆ ಆ ಬಾಳಿಕೆ ಯಾಕೆ?

ಪಕ್ಕದಲ್ಲಿ 69ಎಸ್ ಅಂತ ಇರುತ್ತದೆ, ಅದನ್ನೂ ನೋಡಿಕೊಳ್ಳಿ. 69 ಅಂದರೆ ಒಂದು ಟೈರು 325 ಕಿಲೋ ಹೊರುತ್ತದೆ, ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್‌ವರೆಗಿನ ವೇಗಕ್ಕೆ ಆಗುತ್ತದೆ. ನಮ್ಮ 800 ಆ ವೇಗವನ್ನು ಕನಸಿನಲ್ಲೂ ಕಂಡಿಲ್ಲ. ಇದಕ್ಕಿಂತ ಕಡಿಮೆ ಅಂಕಿಯದು ಬೇಡ ಅಷ್ಟೇ.

ಬಜೆಟ್ ಇಲ್ಲ, ಸದ್ಯಕ್ಕೆ ಎರಡೇ ಟೈರ್ ಅನ್ನುವವರಿಗೆ ಒಂದು ಮಾತು. ಮುಂದಿನ ಚಕ್ರ ಎಳೆಯುವ ಕಾರು, ಹಾಗಾಗಿ ಹೊಸದನ್ನು ಮುಂದೆ ಹಾಕೋಣ ಅಂತ ಅಂಗಡಿಯವರು ಹೇಳುತ್ತಾರೆ. ಹಿಂದೆ ಹಾಕಿಸಿ. ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುತೇಕ ಸಲ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯ ಹಾಗೆ ಸುತ್ತುತ್ತದೆ, ಶಿರಾಡಿಯಂಥ ತಿರುವಿನಲ್ಲಿ ನಮ್ಮ ನಿಮ್ಮಂಥವರ ಕೈಯಲ್ಲಿ ಅದನ್ನು ಸರಿಮಾಡಲು ಆಗುವುದಿಲ್ಲ. ಇದನ್ನು ಟೈರ್ ಕಂಪನಿಗಳೇ ಹೇಳುತ್ತವೆ, ಅಂಗಡಿಯವರು ಕೇಳಲ್ಲ, ನೀವು ಗಟ್ಟಿಯಾಗಿ ನಿಲ್ಲಬೇಕು.

ರಿಮ್ಮಿನ ವಿಷಯ ಮರೆಯುವಂತಿಲ್ಲ. ಹಳೆಯ ಟೈರ್ ಬಿಚ್ಚಿದಾಗ ನಮ್ಮ ಎರಡು ರಿಮ್ಮಿನ ಅಂಚು ತುಕ್ಕು ಹಿಡಿದು ಹಪ್ಪಳದಂತೆ ಏಳುತ್ತಿತ್ತು. ಅದರ ಮೇಲೆ ಟ್ಯೂಬ್‌ಲೆಸ್ ಹಾಕಿದರೆ ವಾರಕ್ಕೊಮ್ಮೆ ಗಾಳಿ ಇಳಿಯುವುದು ಖಂಡಿತ. ವೈರ್ ಬ್ರಷ್‌ನಲ್ಲಿ ಉಜ್ಜಿಸಿ, ಪೇಂಟ್ ಹೊಡೆಸಿ, ವಾಲ್ವ್ ಹೊಸದು ಹಾಕಿಸಿದೆ. ಅರ್ಧ ದಿನ ಹೋಯಿತು, ಖರ್ಚು ಹೆಚ್ಚೇನಲ್ಲ.

ಗಾಳಿ ಅಂದರೆ ನೆನಪಾಯಿತು. ಪೆಟ್ರೋಲ್ ಬಂಕಿನ ಹುಡುಗ ಯಾವ ಕಾರು ಬಂದರೂ 35 ಹೊಡೆಯುತ್ತಾನೆ. ಇಷ್ಟು ಹಗುರ ಕಾರಿಗೆ ಅದು ತುಂಬಾ ಜಾಸ್ತಿ. ಟೈರು ಚೆಂಡಿನ ಹಾಗೆ ಉಬ್ಬಿ ಅಂಚೆ ಕಾರ್ಡು ಇನ್ನೂ ಚಿಕ್ಕದಾಗುತ್ತದೆ, ಗುಂಡಿಗಳಲ್ಲಿ ಕಾರು ಕುಣಿಯುತ್ತದೆ. ಕಾರಿನ ಕೈಪಿಡಿಯಲ್ಲಿ ಬರೆದಷ್ಟೇ, ಬೆಳಿಗ್ಗೆ ಟೈರು ತಣ್ಣಗಿರುವಾಗ. ಅಮ್ಮ ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದಾರೆ, ಬಂಕಿನಲ್ಲಿ ಬೆರಳು ಮಾಡಿ ತೋರಿಸುವುದಕ್ಕೆ. ಹೊಸ ಟೈರಿನ ಮೇಲ್ಮೈ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಸ್ವಲ್ಪ ನುಣುಪು, ಅಚ್ಚಿನಿಂದ ಬಿಡಿಸಲು ಹಚ್ಚುವ ಪದಾರ್ಥ ಸವೆಯಬೇಕು. ಅದಕ್ಕೇ ಮಳೆ ಶುರುವಾಗುವ ಮೊದಲೇ, ಮೇ ತಿಂಗಳಲ್ಲೇ ಹಾಕಿಸಿದ್ದು. ಜೂನ್‌ನ ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ತೇಲಿ ಸೋಪು ಹಾಕಿದ ಹಾಗಾಗಿರುತ್ತದೆ, ಆಗ ಹೊಸ ಟೈರೂ ಬೇಡ, ಹೊಸ ಧೈರ್ಯವೂ ಬೇಡ.

ಅಪ್ಪ ಈಗಲೂ ಪೂರ್ತಿ ಒಪ್ಪಿಲ್ಲ. ಮೊದಲ ಜೋರು ಮಳೆಯ ದಿನ ಮಾಣಿಯ ಹತ್ತಿರ ಅಡ್ಡ ಬಂದ ದನಕ್ಕೆ ಅಮ್ಮ ಬ್ರೇಕ್ ಹಿಡಿದರಂತೆ. ‘ನಿಂತ್ತಾ?’ ಅಂತ ನಾನು ಫೋನಿನಲ್ಲಿ ಕೇಳಿದೆ. ‘ನಿಲ್ಲದೆ ಮತ್ತೆ? ಅಪ್ಪನ ಕೈಯಲ್ಲಿದ್ದ ಫೈಲೆಲ್ಲ ಕೆಳಗೆ ಬಿತ್ತು’ ಅಂದರು ಅಮ್ಮ.

ಉಳಿದಿರುವುದು ಸ್ಟೆಪ್ನಿ. ಡಿಕ್ಕಿಯಲ್ಲಿರುವುದಕ್ಕೆ ನಾಲ್ಕು ಅಂಕಿಯೇ ಇಲ್ಲ, ಮೂರೇ ಇದೆ. ಅಂದರೆ 2000ನೇ ಇಸವಿಗೂ ಮೊದಲಿನದು, ಕಾರಿನ ಜೊತೆಗೇ ಬಂದದ್ದು, ಒಮ್ಮೆಯೂ ರಸ್ತೆ ಕಂಡಿಲ್ಲ. ‘ಹೊಸತೇ ಉಂಟಲ್ಲ’ ಅನ್ನುತ್ತಾರೆ ಅಪ್ಪ. ಐದನೆಯದನ್ನು ಮುಂದಿನ ತಿಂಗಳ ಸಂಬಳದಲ್ಲಿ ತರಿಸುತ್ತಿದ್ದೇನೆ, ಹಿರಿಯರಿಗೆ ಫೋನ್ ಮಾಡಿ ಹೇಳಿಯಾಗಿದೆ.