ಚಾವಡಿಯ ಮಾತು: ಕೈಗೆಟಕುವ ಯಂತ್ರ



ಮನುಷ್ಯನಿಗೆ ಸಂತೋಷ ಕೊಡುವ ವಸ್ತುಗಳಲ್ಲಿ ಎರಡು ಬಗೆ ಉಂಟು. ಕೊಂಡ ದಿನ ಮನಸ್ಸನ್ನು ತುಂಬಿ, ದಿನ ಕಳೆದಂತೆ ಸಪ್ಪೆಯಾಗುವವು ಕೆಲವು. ಬಳಸಿದಷ್ಟೂ ಅರಿತಷ್ಟೂ ಹೆಚ್ಚು ಆಪ್ತವಾಗುವವು ಇನ್ನು ಕೆಲವು. ಅಜ್ಜಿಯ ಅಡಕತ್ತರಿ, ಚಾವಡಿಯ ಗೋಡೆ ಗಡಿಯಾರ ಇವೆಲ್ಲ ಎರಡನೆಯ ಬಗೆಗೆ ಸೇರಿದವು. ಹಳೆಯದೊಂದು ಚಿಕ್ಕ ಕಾರು ಕೂಡ ಇದೇ ಸಾಲಿನದು ಎಂದರೆ ಕೆಲವರು ನಕ್ಕಾರು. ನಗುವವರು ನಗಲಿ, ಈ ತಿಂಗಳು ಅದರ ಕುರಿತಾಗಿಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ನಮ್ಮ ಕಾಸರಗೋಡು ಸೀಮೆಯಲ್ಲಿ ಒಂದು ಕಾಲಕ್ಕೆ ಕಾರು ಎಂದರೆ ಎರಡೇ: ಒಂದು ಅಂಬಾಸಿಡರ್, ಇನ್ನೊಂದು ಫಿಯಟ್. ಡಾಕ್ಟರರ ಮನೆ, ವಕೀಲರ ಮನೆ, ಅಡಿಕೆ ವ್ಯಾಪಾರಿಗಳ ಮನೆಯ ಅಂಗಳದಲ್ಲಿ ಫಿಯಟ್ ನಿಂತಿರುತ್ತಿತ್ತು. ನನ್ನಲ್ಲಿರುವುದು 1984ರ ಪ್ರೀಮಿಯರ್ ಪದ್ಮಿನಿ. ಹೊಸದಾಗಿ ಕೊಂಡದ್ದಲ್ಲ, ಮೂರು ಕೈ ದಾಟಿ ನನ್ನ ಮನೆಯ ಕೊಟ್ಟಿಗೆಯ ಪಕ್ಕಕ್ಕೆ ಬಂದು ಸೇರಿದ್ದು.

ಈ ಕಾರಿನ ವಂಶಾವಳಿ ಸ್ವಾರಸ್ಯಕರವಾದುದು. ಇದರ ಮೂಲಪುರುಷ ಇಟಲಿಯ ಟ್ಯೂರಿನ್ ನಗರದ ಫಿಯಟ್ ಕಂಪೆನಿಯು 1953ರಲ್ಲಿ ಹೊರತಂದ 1100 ಎಂಬ ಮಾದರಿ. ದಾಂತೆ ಜಕೋಸಾ ಎಂಬ ಇಂಜಿನಿಯರನ ಮುಂದಾಳುತನದಲ್ಲಿ ಅದು ರೂಪುಗೊಂಡಿತು. ಯುದ್ಧದಿಂದ ಬಡವಾಗಿದ್ದ ಇಟಲಿಯ ಸಾಮಾನ್ಯ ಸಂಸಾರಗಳಿಗೆ ಎಟಕುವಂತಹ ಚಿಕ್ಕ ಕಾರುಗಳನ್ನು ನಿರ್ಮಿಸಿದ ಕೀರ್ತಿ ಆತನದು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಮುಂಬಯಿಯ ಕುರ್ಲಾದಲ್ಲಿ ಅದನ್ನು ನಮ್ಮ ದೇಶಕ್ಕಾಗಿ ತಯಾರಿಸತೊಡಗಿತು. 1964ರಲ್ಲಿ ಅದು ಫಿಯಟ್ 1100 ಡಿಲೈಟ್ ಆಯಿತು. 1970ರ ದಶಕದಲ್ಲಿ ರಜಪೂತ ರಾಣಿಯ ಹೆಸರನ್ನು ಹೊತ್ತು ಪದ್ಮಿನಿಯಾಯಿತು. ಶತಮಾನ ಮಗ್ಗುಲು ಬದಲಿಸುವ ವೇಳೆಗೆ ಅದರ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಯು ಇಪ್ಪತ್ತು ವರ್ಷದ ಅವಧಿ ಮುಗಿಸಿ 2023ರ ಅಕ್ಟೋಬರ್ ಕೊನೆಗೆ ಬೀದಿಯಿಂದ ನಿವೃತ್ತಿ ಹೊಂದಿತು.

ಆ ದಿನಗಳಲ್ಲಿ ಚಿಕ್ಕ ಕಾರು ಕೂಡ ಚಿಕ್ಕ ಮಾತಾಗಿರಲಿಲ್ಲ. ಲಾಲ್ ಬಹಾದುರ್ ಶಾಸ್ತ್ರಿಯವರು ಪ್ರಧಾನಮಂತ್ರಿಗಳಾಗಿದ್ದಾಗ ಮನೆಯವರ ಒತ್ತಾಯಕ್ಕೆ ಮಣಿದು ಒಂದು ಫಿಯಟ್ ಕೊಂಡರು. ಬೆಲೆ 12,000 ರೂಪಾಯಿ. ಕೈಯಲ್ಲಿ ಅಷ್ಟು ಹಣವಿಲ್ಲದೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ರೂಪಾಯಿ ಸಾಲ ತೆಗೆದರು. 1966ರ ಜನವರಿಯಲ್ಲಿ ಅವರು ತಾಷ್ಕೆಂಟಿನಲ್ಲಿ ತೀರಿಹೋದಾಗ ಸಾಲ ಉಳಿದಿತ್ತು. ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಆ ಕಾರನ್ನು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿ ಇರಿಸಿದ್ದಾರೆ. ಪೌರನೀತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ.

ಇನ್ನು ಸಂತೋಷದ ಮಾತು. ಪದ್ಮಿನಿಯ ಬಾನೆಟ್ ಎತ್ತಿದರೆ ಒಳಗಿನ ಪ್ರತಿಯೊಂದು ಅಂಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. 1089 ಘನ ಸೆಂಟಿಮೀಟರಿನ ಎಂಜಿನ್, ನಾಲ್ಕು ಸಿಲಿಂಡರು, ನಾಲ್ಕು ಪ್ಲಗ್ಗು, ಒಂದು ಕಾರ್ಬುರೇಟರ್. ಗಾಳಿಯೂ ಪೆಟ್ರೋಲೂ ಎಲ್ಲಿ ಬೆರೆಯುತ್ತವೆ, ಕಿಡಿ ಎಲ್ಲಿ ಹುಟ್ಟಿ ಯಾವ ತಂತಿಯಲ್ಲಿ ಹೋಗುತ್ತದೆ, ನೀರು ಹೇಗೆ ಸುತ್ತಿ ಬಂದು ರೇಡಿಯೇಟರಿನಲ್ಲಿ ತಣಿಯುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಏಳನೆಯ ತರಗತಿಯ ಮಕ್ಕಳನ್ನು ಒಂದು ಶನಿವಾರ ಅದರ ಸುತ್ತ ನಿಲ್ಲಿಸಿದ್ದೆ. ಹೀರುವುದು, ಒತ್ತುವುದು, ಉರಿಯುವುದು, ಹೊರಹಾಕುವುದು ಎಂಬ ನಾಲ್ಕು ಹಂತಗಳನ್ನು ಕಪ್ಪುಹಲಗೆಯ ಮೇಲೆ ಎರಡು ದಿನ ಬರೆದರೂ ಹೊಳೆಯದಿದ್ದದ್ದು ಅವರಿಗೆ ಅರ್ಧ ಗಂಟೆಯಲ್ಲಿ ಹೊಳೆಯಿತು. ಒಬ್ಬ ಹುಡುಗಿ, “ಸಾರ್, ಹಾಗಾದರೆ ನಾಲ್ಕರಲ್ಲಿ ಒಂದೇ ಹಂತ ದುಡಿಯುವುದು, ಉಳಿದ ಮೂರು ಅದಕ್ಕೆ ಚಾಕರಿ ಮಾಡುವುದು ಅಲ್ಲವೇ?” ಎಂದಳು. ಪಾಠಪುಸ್ತಕವು ಇಷ್ಟು ಚೆನ್ನಾಗಿ ಹೇಳಿಲ್ಲ.

ಕಾರು ಚಲಿಸುವಾಗ ಅನುಮಾನ ಬಂದರೆ ಕಿವಿಗೊಟ್ಟರೆ ಸಾಕು. ತಡವರಿಸಿದರೆ ಪಾಯಿಂಟು ಕೊಳೆಯಾಗಿದೆ, ಅದನ್ನು ಉಜ್ಜಿ ಅಂತರ ಸರಿಪಡಿಸಬೇಕು. ಕೆಮ್ಮಿದರೆ ಕಾರ್ಬುರೇಟರಿನ ಜೆಟ್ಟಿನಲ್ಲಿ ಕಸವಿದ್ದೀತು, ಬಿಚ್ಚಿ ಊದಬೇಕು. ನಾಲ್ಕಾರು ಸ್ಪಾನರು, ಒಂದು ತಿರುಪುಳಿ, ಒಂದು ಹಳೆ ಬಟ್ಟೆಯಿಂದ ಮುಗಿಯುವ ಕೆಲಸ. ಇಂದಿನ ಕಾರುಗಳು ಹೆಚ್ಚು ಸುರಕ್ಷಿತ, ಹೆಚ್ಚು ಮಿತವ್ಯಯಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಕೆಟ್ಟಾಗ ಒಡೆಯನು ಕೈಕಟ್ಟಿ ನಿಲ್ಲಬೇಕು. ಹಳೆಯ ಚಿಕ್ಕ ಕಾರು ಕೆಟ್ಟಾಗ ಒಡೆಯನು ತೋಳು ಮಡಚಬಹುದು. ತನ್ನದೆಂದು ಹೇಳುವ ವಸ್ತುವನ್ನು ತಾನೇ ಅರಿತು ಸರಿಪಡಿಸಬಲ್ಲೆನೆಂಬ ಭಾವನೆಯೇ ಅದರ ನಿಜವಾದ ಸುಖ.

ಓಡಿಸುವುದೂ ಒಂದು ವಿದ್ಯೆಯೇ. ಚಳಿಯ ಬೆಳಗ್ಗೆ ಚೋಕ್ ಎಳೆದು, ಎಂಜಿನ್ ಬಿಸಿಯಾದಂತೆ ಅದನ್ನು ಸ್ವಲ್ಪಸ್ವಲ್ಪವಾಗಿ ಒಳತಳ್ಳಬೇಕು. ಗೇರಿನ ಕೋಲು ನೆಲದ ಮೇಲಿಲ್ಲ, ಸ್ಟೇರಿಂಗಿನ ಬಗಲಲ್ಲಿದೆ. ಕಾರು ಪೂರ್ತಿ ನಿಂತ ಮೇಲೆಯೇ ಒಂದನೆಯ ಗೇರು. ಅವಸರ ಮಾಡಿದರೆ ಅದು ಕರಕರನೆ ಗದರುತ್ತದೆ. ಉದ್ದ ನಾಲ್ಕು ಮೀಟರಿಗೂ ಕಡಿಮೆ, ತೂಕ ಒಂದು ಟನ್ನಿಗೂ ಕಡಿಮೆ. ಆದುದರಿಂದ ನಮ್ಮ ಓಣಿಗಳ ತಿರುವುಗಳಿಗೆ ಹೇಳಿಮಾಡಿಸಿದಂತಿದೆ. ಬದಿಯಡ್ಕದಿಂದ ಪೆರ್ಲ, ಅಡ್ಯನಡ್ಕ ದಾರಿಯಾಗಿ ವಿಟ್ಲಕ್ಕೆ ಹೋಗುವಾಗ ಮುಂಬಾಗಿಲಿನ ಮೂಲೆಯ ಚಿಕ್ಕ ಗಾಜನ್ನು ಓರೆಮಾಡಿದರೆ ಹಿಂಗಾರದ ಪರಿಮಳ ನೇರ ಮುಖಕ್ಕೆ ಬರುತ್ತದೆ. ಗಂಟೆಗೆ ನಲವತ್ತೈದು ಕಿಲೋಮೀಟರು ವೇಗಕ್ಕೆ ಎರಡು ರಾಜ್ಯಗಳ ನಡುವಿನ ಗಡಿ ಬಂದದ್ದೂ ದಾಟಿದ್ದೂ ಗೊತ್ತಾಗುವುದಿಲ್ಲ. ಇತ್ತ ಹೇಗೋ ಅತ್ತಲೂ ಹಾಗೆಯೇ ಅಡಿಕೆ ತೋಟ, ಅದೇ ಮಾತು. ದಾರಿಯಲ್ಲಿ ಕಂಡವರು ಕೈಯೆತ್ತಿ, “ಮಾಷ್ಟ್ರೇ, ಗಾಡಿ ಇನ್ನೂ ಓಡುತ್ತದಾ?” ಎಂದು ಕೇಳದೆ ಬಿಡುವುದಿಲ್ಲ.

ಆದರೆ ಗುಣವನ್ನು ಮಾತ್ರ ಹೇಳಿ ದೋಷವನ್ನು ಮುಚ್ಚುವುದು ಶಿಕ್ಷಕನಿಗೆ ಸಲ್ಲದು. ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ನೀರು ತುಂಬಿದ ರಸ್ತೆ ದಾಟಿದ ಬಳಿಕ ಮೆಲ್ಲಗೆ ಬ್ರೇಕು ಒತ್ತಿ ಒಣಗಿಸಿಕೊಳ್ಳದಿದ್ದರೆ ಅಪಾಯ. ಅಪಘಾತದಲ್ಲಿ ರಕ್ಷಿಸುವ ಗಾಳಿಚೀಲ ಇದರಲ್ಲಿಲ್ಲ. ಆದುದರಿಂದ ಹೊಸ ಹೆದ್ದಾರಿಯ ವೇಗಕ್ಕೆ ಇದು ತಕ್ಕುದಲ್ಲ. ಈ ಕಾರಿಗೆ ಪ್ರತ್ಯೇಕ ಚೌಕಟ್ಟು ಇಲ್ಲ, ದೇಹವೇ ಚೌಕಟ್ಟು. ನೆಲದ ತಗಡಿಗೆ ತುಕ್ಕು ಹಿಡಿದರೆ ಮನೆಯ ಪಂಚಾಂಗವೇ ಕುಸಿದಂತೆ. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಇರುವ ನಮ್ಮ ನಾಡಿನಲ್ಲಿ ಇದು ಮೊದಲ ಶತ್ರು. ಎರಡನೆಯದು ಪೆಟ್ರೋಲಿಗೆ ಬೆರೆಸುವ ಎಥನಾಲ್. ಶೇಕಡಾ 20ರಷ್ಟು ಎಥನಾಲ್ ಇರುವ ಇಂಧನವು ಹಳೆಯ ರಬ್ಬರ್ ಕೊಳವೆಗಳನ್ನೂ ಪೆಟ್ರೋಲ್ ಪಂಪಿನ ಒಳಪೊರೆಯನ್ನೂ ಮೆತ್ತಗಾಗಿಸಿ ಬಿರಿಯಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಕೊಳವೆಗಳನ್ನು ಬದಲಿಸಬೇಕು, ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಕೂಡಿಡಬಾರದು.

ಇಷ್ಟನ್ನು ಬರೆಯಲು ಒಂದು ಕಾರಣವಿದೆ. ನಮ್ಮ ಊರಿನ ಹಿರಿಯಕ್ಕ ಒಬ್ಬರ ಶೆಡ್ಡಿನಲ್ಲಿ 1970ರ ಫಿಯಟ್ ಒಂದು ನಾಲ್ಕು ವರ್ಷದಿಂದ ನಿಂತಿದೆ. ಅವರ ಯಜಮಾನರು ತೀರಿಹೋದಂದಿನಿಂದ ಅದು ಅಲುಗಿಲ್ಲ. ಮಕ್ಕಳು ದೂರದ ಊರುಗಳಲ್ಲಿದ್ದಾರೆ. “ಮಾಷ್ಟ್ರೇ, ಗುಜರಿಯವ ಎರಡು ಸಲ ಬಂದು ಹೋದ. ಕೊಟ್ಟುಬಿಡಿ ಅಂತ ಮಕ್ಕಳು ಹೇಳುತ್ತಾರೆ. ನನಗೆ ಮನಸ್ಸು ಬರುವುದಿಲ್ಲ. ಇಟ್ಟುಕೊಂಡು ಏನು ಮಾಡುವುದಂತಲೂ ತಿಳಿಯುವುದಿಲ್ಲ,” ಎಂದು ನನ್ನನ್ನು ಕೇಳಿದರು.

ನಾನು ಅವರ ಮುಂದೆ ಮೂರು ಪ್ರಶ್ನೆ ಇಟ್ಟೆ. ಒಂದು, ನೆಲದ ತಗಡು ಗಟ್ಟಿಯಿದೆಯೇ? ಎರಡು, ಕಾಗದಪತ್ರ ಸರಿಯಿದೆಯೇ? ಹದಿನೈದು ವರ್ಷ ಮೀರಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕವು 2022ರಿಂದೀಚೆಗೆ ಹಲವು ಪಟ್ಟು ಏರಿದೆ. ಐವತ್ತು ವರ್ಷ ಕಳೆದ ವಾಹನವನ್ನು ಪರಂಪರೆಯ ವಾಹನವೆಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರವು ನಿಯಮ ಮಾಡಿದೆ. ಆದರೆ ಹಾಗೆ ನೋಂದಾಯಿಸಿದ್ದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ವಾರಕ್ಕೊಮ್ಮೆಯಾದರೂ ಅದನ್ನು ಓಡಿಸುವವರು ಮನೆಯಲ್ಲಿ ಇದ್ದಾರೆಯೇ? ಇಲ್ಲವಾದರೆ ಓಡಿಸುವವರ ಕೈಗೆ ಕೊಟ್ಟುಬಿಡುವುದೇ ಧರ್ಮ. ಹೊದಿಕೆಯಡಿ ನಿಂತ ಕಾರಿನ ಎಂಜಿನ್ ಹಿಡಿದುಕೊಳ್ಳುತ್ತದೆ, ಬ್ರೇಕಿನ ರಬ್ಬರು ಕಚ್ಚಿಕೊಳ್ಳುತ್ತದೆ, ಸೀಟಿನಲ್ಲಿ ಇಲಿ ಸಂಸಾರ ಹೂಡುತ್ತದೆ. ನೆನಪಿಗೆಂದು ಇಟ್ಟದ್ದು ಕಣ್ಣೆದುರೇ ಕೊಳೆಯುವುದನ್ನು ನೋಡುವುದಕ್ಕಿಂತ ಬೇರೊಬ್ಬರ ಅಂಗಳದಲ್ಲಿ ಅದರ ಸದ್ದು ಕೇಳುವುದು ಮೇಲು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರಿದ್ದಿದ್ದರೆ ಹೀಗೆ ನಿಲ್ಲಿಸಿ ಇಡುತ್ತಿರಲಿಲ್ಲ ಮಾಷ್ಟ್ರೇ,” ಎಂದರು. ಗುಜರಿಯವನಿಗೆ ದೀಪಾವಳಿಯವರೆಗೆ ಬರಬೇಡವೆಂದು ಹೇಳಿಕಳುಹಿಸಿದರು. ಐಟಿಐಯಲ್ಲಿ ಮೆಕ್ಯಾನಿಕ್ ವಿದ್ಯೆ ಕಲಿಯುತ್ತಿರುವ ಅವರ ಮಗಳ ಮಗಳು ಈಗ ಭಾನುವಾರಗಳಲ್ಲಿ ಬರುತ್ತಾಳೆ. ಪೇಟೆಯಲ್ಲಿ ಫಿಯಟ್ ಬಲ್ಲ ಮೆಕ್ಯಾನಿಕರು ಒಬ್ಬರೇ ಉಳಿದಿದ್ದಾರೆ, ಎಪ್ಪತ್ತರ ಆಸುಪಾಸಿನವರು. ಅವರು ಸ್ಟೂಲಿನ ಮೇಲೆ ಕುಳಿತು ಹೇಳುತ್ತಾರೆ, ಹುಡುಗಿ ಬಿಚ್ಚುತ್ತಾಳೆ. ಚಾಲಕನ ಕಾಲಡಿಯ ತಗಡು ಅಂಗೈಯಗಲ ಹೋಗಿದೆ. ಪ್ಲಗ್ಗು ಕಳಚಿ, ಸಿಲಿಂಡರಿಗೆ ಎಣ್ಣೆ ಬಿಟ್ಟು, ಒಂದು ವಾರ ಕಾದು ಕೈಯಿಂದ ತಿರುಗಿಸಿದಾಗ ಎಂಜಿನ್ ಅಲುಗಿತಂತೆ. ಅದು ರಸ್ತೆಗೆ ಇಳಿದೀತೋ ಇಲ್ಲವೋ ಇನ್ನೂ ಹೇಳಲಾಗದು. ಆದರೆ ಆ ಮೆಕ್ಯಾನಿಕರ ಕೈಯ ವಿದ್ಯೆ ಅವರೊಂದಿಗೇ ಮುಗಿದುಹೋಗದು ಎಂಬುದು ಈಗಾಗಲೇ ಖಚಿತವಾಗಿದೆ.

ನಿಮ್ಮ ಕೊಟ್ಟಿಗೆಯಲ್ಲೂ ಇಂತಹ ಕಾರು ನಿಂತಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಂದು ಕೆಲಸ ಮಾಡಿರಿ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆದು ಬಾನೆಟ್ ಎತ್ತಿ ತೋರಿಸಿರಿ. ಅವರಲ್ಲಿ ಒಬ್ಬರಾದರೂ “ಇದು ಯಾಕೆ ಹೀಗೆ?” ಎಂದು ಕೇಳಿದರೆ, ಕಾರನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಿರಿ.