ಶೀತವಲಯದ ಸರೋವರಗಳ ಅನಿಲ ಮತ್ತು ದೊಡ್ಡೇರಿ ಭಾಗದ ಕೆರೆಗಳ ಹೂಳು

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿ ಹಾಗೂ ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕೆರೆಯ ಹೂಳನ್ನು ಜಮೀನಿಗೆ ಸಾಗಿಸಲು ಅನುಮತಿ ಕೋರುವ ರೈತರಿಗೆ ಸೈಬೀರಿಯಾ, ಅಲಾಸ್ಕಾಗಳ ಸರೋವರಗಳ ಸುದ್ದಿ ದೂರದ್ದೆನಿಸುವುದು ಸಹಜ. ಆದರೆ ಎರಡೂ ಕಡೆ ನೀರಿನ ತಳದಲ್ಲಿ ನಡೆಯುವ ಕ್ರಿಯೆ ಒಂದೇ ಆಗಿದೆ.

ಶೀತವಲಯದಲ್ಲಿ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ್ದ ನೆಲವು ತಾಪಮಾನ ಏರಿಕೆಯಿಂದ ಕರಗಿ ಕುಸಿಯುತ್ತಿದ್ದು, ಆ ತಗ್ಗುಗಳಲ್ಲಿ ನೀರು ನಿಂತು ಸರೋವರಗಳು ಉಂಟಾಗುತ್ತಿವೆ. ಹಿಂದೆ ಕೊಳೆಯದೆ ಉಳಿದಿದ್ದ ಸಸ್ಯಾವಶೇಷಗಳು ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೊಳೆತು, ಮೀಥೇನ್ ಅನಿಲವು ಗುಳ್ಳೆಗಳಾಗಿ ಮೇಲೇಳುತ್ತದೆ. ಉತ್ತರ ಸೈಬೀರಿಯಾದ ಇಂತಹ ಸರೋವರಗಳ ಹೊರಸೂಸುವಿಕೆಯು ಹಿಂದಿನ ಅಂದಾಜಿನ ಐದು ಪಟ್ಟು ಇರಬಹುದೆಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. 100 ವರ್ಷಗಳ ಅವಧಿಗೆ ಲೆಕ್ಕ ಹಾಕಿದಲ್ಲಿ ಇಂತಹ ಮೀಥೇನ್, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಬಿಸಿ ಹೆಚ್ಚಿದಷ್ಟೂ ನೆಲ ಕರಗುತ್ತದೆ. ನೆಲ ಕರಗಿದಷ್ಟೂ ಅನಿಲ ಹೊರಬರುತ್ತದೆ. ಅಲ್ಲಿನ ಕೆಸರನ್ನು ಎತ್ತಿ ಹಾಕುವ ಉಪಾಯ ಯಾರ ಬಳಿಯೂ ಇಲ್ಲ.

ದೊಡ್ಡೇರಿ ಭಾಗದ ಕೆರೆಗಳು ಹೆಪ್ಪುಗಟ್ಟುವುದಿಲ್ಲ. ನೀರು ನಿಂತಿರುವಷ್ಟು ಕಾಲವೂ ಇಲ್ಲಿನ ಕೆಸರು ಬೆಚ್ಚಗೇ ಇದ್ದು, ಕೊಳೆಯುವಿಕೆಗೆ ಚಳಿಗಾಲದ ಬಿಡುವಿಲ್ಲ. 2022ರ ಮಳೆಗೆ ತುಮಕೂರು ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದವು; 2023ರಲ್ಲಿ ಬರ ಬಂದಿತು. ಕೆರೆ ಬತ್ತಿದಾಗ ಬಿರುಕು ಬಿಟ್ಟ ಅಂಗಳಕ್ಕೆ ಗಾಳಿ ಸೇರಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಲ್ಲಿ ಹುಲ್ಲು, ಸೀಮೆಜಾಲಿ ಬೆಳೆಯುತ್ತವೆ. ಮತ್ತೆ ನೀರು ಬಂದಾಗ ಆ ಹಸಿರು ಮುಳುಗಿ ಕೊಳೆತು ಮೀಥೇನ್ ಆಗುತ್ತದೆ. ಇದಕ್ಕೆ ಊರಿನ ಚರಂಡಿ ನೀರು ಸೇರಿದಲ್ಲಿ ಕೊಳೆಯುವ ವಸ್ತು ಇನ್ನಷ್ಟು ಹೆಚ್ಚುತ್ತದೆ. (ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2017 ಮತ್ತು 2018ರಲ್ಲಿ ಕಾಣಿಸಿಕೊಂಡ ಬೆಂಕಿಗೆ ಕಾರಣ ಹುಲ್ಲು-ಕಸವೋ ಮೀಥೇನೋ ಎಂಬ ಚರ್ಚೆ ನಡೆಯಿತು, ಒಳಚರಂಡಿ ನೀರು ಆ ಕೆರೆಯನ್ನು ಕೆಡಿಸಿದೆ ಎಂಬುದರಲ್ಲಿ ಚರ್ಚೆಗೆ ಎಡೆಯಿರಲಿಲ್ಲ.)

ಒಂದು ಹೋಬಳಿಯ ಕೆರೆಗಳಿಂದ ಜಗತ್ತಿನ ಹವಾಮಾನ ಬದಲಾಯಿತೆನ್ನುವುದು ಅತಿಶಯೋಕ್ತಿ. ಆದರೂ ಬೇಸಿಗೆಯಲ್ಲಿ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುವ ಹಳೆಯ ಪದ್ಧತಿಯು, ನೀರಿನಡಿ ಮೀಥೇನ್ ಆಗಬಹುದಾಗಿದ್ದ ಸಾವಯವ ಅಂಶವನ್ನು ಗಾಳಿಯಾಡುವ ನೆಲಕ್ಕೆ ತಲುಪಿಸುತ್ತದೆ. ಅದರಲ್ಲಿ ಒಂದು ಭಾಗ ಡೈಆಕ್ಸೈಡ್ ಆಗಿಯೇ ಹೋಗುವುದಾದರೂ ಹಾನಿ ಕಡಿಮೆ. ಕೆರೆಯಲ್ಲಿ ನೀರು ನಿಲ್ಲುವ ಪ್ರಮಾಣವೂ ಹೆಚ್ಚುತ್ತದೆ. ಅದೇ ಮಣ್ಣು ಇಟ್ಟಿಗೆ ಗೂಡು ಸೇರಿದಲ್ಲಿ ಹೊಲಕ್ಕೆ ಯಾವ ಲಾಭವೂ ಇಲ್ಲ. ಏರಿಯ ಬುಡದಲ್ಲಿ ಅಗೆಯುವುದರಿಂದ ಏರಿಗೇ ಅಪಾಯ. ಹೂಳಿನ ಪದರ ಮೀರಿ ಗುಂಡಿ ತೋಡಿದಲ್ಲಿ ಜನ-ಜಾನುವಾರುಗಳಿಗೆ ಅಪಾಯ.

ಅರ್ಜಿದಾರರು ಮೊದಲು ಕೆರೆಯು ಯಾರ ವ್ಯಾಪ್ತಿಗೆ ಸೇರಿದೆ ಎಂಬುದನ್ನು ತಿಳಿದುಕೊಳ್ಳುವುದು ಸೂಕ್ತ. ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟು ಹೊಂದಿರುವ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳಿಗೂ, 40ರಿಂದ 2000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೂ ಸೇರಿರುತ್ತವೆ. ಅರ್ಜಿಯಲ್ಲಿ ಗ್ರಾಮದ ಹೆಸರು, ಕೆರೆಯ ಸರ್ವೆ ನಂಬರು ಹಾಗೂ ಮಣ್ಣು ಹಾಕಲಿರುವ ಜಮೀನಿನ ವಿವರಗಳನ್ನು ಸ್ಪಷ್ಟವಾಗಿ ನಮೂದಿಸಿದಲ್ಲಿ ಸ್ಥಳ ಪರಿಶೀಲನೆಗೆ ಅನುಕೂಲವಾಗುತ್ತದೆ.