ಒಪ್ಪಿಗೆ ಯಾರದು, ಮೊಬೈಲ್ ಯಾರದು?



ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಜಾರಿಯಾಯಿತು. ಅಂದಿನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಚೀಟಿ ಬರೆಸುವ ಕೌಂಟರಿನಲ್ಲೇ, ರೋಗಿಯ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ಆಭಾ ಸಂಖ್ಯೆಯ ಮಾತು ಬರತೊಡಗಿದೆ. ಇದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಮಳವಳ್ಳಿಯಿಂದ ಮಂಡ್ಯದ ಮಿಮ್ಸ್‌ಗೆ, ಅಲ್ಲಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬೆಂಗಳೂರಿನ ಜಯದೇವಕ್ಕೋ ಹೋಗುವ ರೋಗಿ ಪ್ಲಾಸ್ಟಿಕ್ ಕವರಿನ ತುಂಬ ರಿಪೋರ್ಟು ಹೊತ್ತು ತಿರುಗುವುದು, ಕಳೆದುಹೋದರೆ ಅದೇ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸುವುದು ತಪ್ಪಿದರೆ ಒಳ್ಳೆಯದೇ. ನನ್ನ ತಕರಾರು ಬೇರೆ. ಖಾಸಗಿತನದ ಚರ್ಚೆ ಬಂದಾಗಲೆಲ್ಲ ಎಲ್ಲೋ ದೂರದಲ್ಲಿ ಕೂತ ಹ್ಯಾಕರನ ಮಾತಾಡುತ್ತೇವೆ. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಹೆದರಬೇಕಾದದ್ದು ದಾಖಲೆಯನ್ನು ಹತ್ತಿರದಿಂದ ನೋಡಬಲ್ಲವರಿಗೆ. ಅವರ ವಿಷಯದಲ್ಲೇ ಈ ವ್ಯವಸ್ಥೆಯ ಕಾವಲು ತೀರಾ ಸಡಿಲ.

ಹ್ಯಾಕರನ ಭಯ ಸುಳ್ಳೆಂದಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ ಸರ್ವರುಗಳ ಮೇಲೆ ದಾಳಿಯಾಗಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ಸಾಗಿಸಬೇಕಾಯಿತು. ಆದರೆ ಮಂಡ್ಯದವರ ಮುಂದೆ ಇದಕ್ಕಿಂತ ಹತ್ತಿರದ ಸಂಗತಿಯಿದೆ. 2023ರ ಕೊನೆಯಲ್ಲಿ ಬಯಲಾದ ಹೆಣ್ಣು ಭ್ರೂಣಹತ್ಯೆ ಜಾಲ ನಮ್ಮ ಜಿಲ್ಲೆಯ ಆಲೆಮನೆಯೊಂದನ್ನೇ ಸ್ಕ್ಯಾನಿಂಗ್ ಕೇಂದ್ರ ಮಾಡಿಕೊಂಡಿತ್ತು. 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥ ಕೃತ್ಯ ನಡೆಯಿತೆಂಬ ಆರೋಪದ ಮೇಲೆ ಬಂಧನಗಳಾದವು. ಆ ಪ್ರಕರಣಗಳಲ್ಲಿ ಸರ್ಕಾರಿ ದಾಖಲೆ ಬಳಕೆಯಾಯಿತೆಂದು ನಾನು ಹೇಳುತ್ತಿಲ್ಲ. ಆದರೆ ಇಂಥ ದಂಧೆಯ ದಲ್ಲಾಳಿಗೆ ಬೇಕಾದದ್ದೇನು? ಯಾವ ಊರಲ್ಲಿ ಯಾರು ಎಷ್ಟು ತಿಂಗಳ ಗರ್ಭಿಣಿ, ಮನೆಯಲ್ಲಿ ಈಗಾಗಲೇ ಎಷ್ಟು ಹೆಣ್ಣುಮಕ್ಕಳಿದ್ದಾರೆ ಎಂಬುದಷ್ಟೆ. ಗರ್ಭಿಣಿಯ ಆರೋಗ್ಯ ನೋಡಿಕೊಳ್ಳಲು ಇಲಾಖೆಗೆ ಬೇಕಾದದ್ದೂ ಹೆಚ್ಚುಕಡಿಮೆ ಇದೇ ವಿವರ. ಮಧುಮೇಹಿಯ ಸಕ್ಕರೆ ಮಟ್ಟ ಪಕ್ಕದ ಮನೆಯವರಿಗೆ ಗೊತ್ತಾದರೆ ಮುಜುಗರ. ಗರ್ಭಿಣಿಯ ಈ ವಿವರ ತಪ್ಪು ಕೈಗೆ ಸಿಕ್ಕರೆ ಒಂದು ಜೀವದ ಪ್ರಶ್ನೆ.

ಭ್ರೂಣಹತ್ಯೆ ತಡೆಯಲಿಕ್ಕೇ ಗರ್ಭಿಣಿಯರ ಡಿಜಿಟಲ್ ದಾಖಲೆ ಬೇಕು ಎಂಬ ವಾದವಿದೆ. ಬೇಕು, ಒಪ್ಪುತ್ತೇನೆ. ಆದರೆ ಆಲೆಮನೆಯ ಜಾಲವನ್ನು ಹಿಡಿದದ್ದು ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು, ಯಾವ ಪೋರ್ಟಲೂ ಅಲ್ಲ. ಕಾಗದದ ರಿಜಿಸ್ಟರನ್ನೂ ಯಾರು ಬೇಕಾದರೂ ತಿರುವಿಹಾಕಬಹುದಿತ್ತಲ್ಲ ಎನ್ನುವವರೂ ಇದ್ದಾರೆ. ಅದನ್ನು ತಿರುವಿಹಾಕಲು ಆ ಕೋಣೆಗೇ ಹೋಗಬೇಕಿತ್ತು, ಸಿಗುತ್ತಿದ್ದದ್ದು ಒಂದು ಊರಿನ ವಿವರ. ಕಂಪ್ಯೂಟರಿನಲ್ಲಿ ಒಬ್ಬರ ಪಾಸ್‌ವರ್ಡನ್ನು ನಾಲ್ವರು ಬಳಸಿದರೆ ಯಾರು ನೋಡಿದರೆಂಬ ಗುರುತೇ ಉಳಿಯದು. ದಾಖಲೆಗಳೆಲ್ಲ ದೆಹಲಿಯಲ್ಲಿ ಒಟ್ಟುಗೂಡುವುದಿಲ್ಲ, ಆಯಾ ಆಸ್ಪತ್ರೆಯಲ್ಲೇ ಇರುತ್ತವೆ ಎಂದು ಮಿಷನ್‌ ಹೇಳುವುದು ನಿಜವೇ. ಹಾಗಿದ್ದರೆ ಭದ್ರತೆಯ ಹೊಣೆಯೂ ತಾಲ್ಲೂಕು ಆಸ್ಪತ್ರೆಯ ಹೆಗಲಿಗೇ ಬಂತು.

ಇನ್ನು ಒಪ್ಪಿಗೆ. ರೋಗಿ ಒಪ್ಪದೆ ದಾಖಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗದು ಎಂಬುದು ಮಿಷನ್‌ನ ದೊಡ್ಡ ಭರವಸೆ. ಆ ಒಪ್ಪಿಗೆ ಬಹುಮಟ್ಟಿಗೆ ನಿಂತಿರುವುದು ಮೊಬೈಲಿನ ಮೇಲೆ, ಅದಕ್ಕೆ ಬರುವ ಒಟಿಪಿಯ ಮೇಲೆ. ಮನೆಮಂದಿಯೆಲ್ಲ ಒಂದೇ ನಂಬರಿಗೆ ಆಭಾ ಜೋಡಿಸಿಕೊಳ್ಳಲು ಅವಕಾಶವಿದೆ; ಹಳ್ಳಿಗಳಲ್ಲಿ ಆ ನಂಬರು ಸಾಮಾನ್ಯವಾಗಿ ಗಂಡನದು ಇಲ್ಲವೇ ಮಗನದು. ಹೆಣ್ಣುಮಗಳು ತನ್ನ ಗರ್ಭಪಾತವನ್ನೋ ಮಾನಸಿಕ ಚಿಕಿತ್ಸೆಯನ್ನೋ ಯಾರಿಂದ ಮುಚ್ಚಿಡಲು ಬಯಸುತ್ತಾಳೋ ಅವರ ಕೈಗೇ ಬೀಗದ ಕೈ ಕೊಟ್ಟಂತಾಯಿತು.

ಕಾನೂನಿನ ಆಸರೆಯೂ ಗಟ್ಟಿಯಾಗಿಲ್ಲ. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಎಚ್‌ಐವಿ ಸೋಂಕಿತರ ಗುಟ್ಟು ಕಾಯಲು ಅದೇ ವರ್ಷ ಪ್ರತ್ಯೇಕ ಕಾಯ್ದೆ ಬಂತು. ಆರೋಗ್ಯ ಮಾಹಿತಿಗೆಂದೇ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ‘ದಿಶಾ’ ಎಂಬ ಕರಡು ಸಿದ್ಧಪಡಿಸಿತ್ತು. ಅದು ಕಾಯ್ದೆಯಾಗಲೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಾಯಿಲೆಯ ವಿವರಕ್ಕೂ ಮನೆ ವಿಳಾಸಕ್ಕೂ ಭೇದವನ್ನೇ ಮಾಡುವುದಿಲ್ಲ. ದಂಡ 250 ಕೋಟಿ ರೂಪಾಯಿವರೆಗೂ ಇದೆ, ಆದರೆ ಹಣ ಸೇರುವುದು ಸರ್ಕಾರದ ಖಜಾನೆಗೆ. ಗುಟ್ಟು ರಟ್ಟಾದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ!

ಎಸ್ಟೋನಿಯಾದಲ್ಲಿ ತನ್ನ ವೈದ್ಯಕೀಯ ದಾಖಲೆಯನ್ನು ಯಾರು, ಯಾವಾಗ ತೆರೆದು ನೋಡಿದರೆಂದು ರೋಗಿಯೇ ನೋಡಬಹುದು. ಇಲ್ಲಿ ಆಭಾ ಆ್ಯಪಿನಲ್ಲಿ ಯಾವ ಆಸ್ಪತ್ರೆಗೆ ಒಪ್ಪಿಗೆ ಕೊಟ್ಟಿದ್ದೇವೆಂದು ಕಾಣುತ್ತದೆ, ಅದರೊಳಗಿನ ಯಾವ ಸಿಬ್ಬಂದಿ ನೋಡಿದರೆಂಬುದು ಕಾಣದು. ರಾಜ್ಯ ಸರ್ಕಾರ ತನ್ನ ಆಸ್ಪತ್ರೆಗಳಲ್ಲಾದರೂ ಎಸ್ಟೋನಿಯಾದ ಈ ಪದ್ಧತಿಯನ್ನು ಜಾರಿಗೆ ತರಬೇಕು. ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಲಾಗಿನ್ ಇರಬೇಕು. ಗರ್ಭ, ಎಚ್‌ಐವಿ, ಮನೋರೋಗದ ವಿವರಗಳು ಚಿಕಿತ್ಸೆ ಕೊಡುವ ವೈದ್ಯರ ಹೊರತು ಬೇರೆಯವರಿಗೆ ತೆರೆಯಬಾರದು. ಇದಕ್ಕೆಲ್ಲ ಸಮಯ ಹಿಡಿದೀತು. ಆದರೆ ಆಭಾ ಕಡ್ಡಾಯವಲ್ಲ, ಅದಿಲ್ಲದಿದ್ದರೂ ಚಿಕಿತ್ಸೆ ಸಿಗುತ್ತದೆ ಎಂದು ಮಂಡ್ಯ, ಮದ್ದೂರು, ಮಳವಳ್ಳಿ ಆಸ್ಪತ್ರೆಗಳ ಚೀಟಿ ಕೌಂಟರಿನ ಮುಂದೆ ಕನ್ನಡದಲ್ಲಿ ಎದ್ದು ಕಾಣುವ ಫಲಕ ಹಾಕಿಸಲು ಬೆಂಗಳೂರು, ದೆಹಲಿಗಳತ್ತ ನೋಡಬೇಕಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳು ಮನಸ್ಸು ಮಾಡಿದರೆ ಈ ವಾರವೇ ಆಗುವ ಕೆಲಸ.

– ಓದುಗ, ಮದ್ದೂರು